ಕೊರೆಯದ ಬೆಟ್ಟದ ಬೆಲೆ

ಮಲೆನಾಡಿನಿಂದ ರಾತ್ರಿ ಹೊರಟ ಬಸ್ಸುಗಳು ನೆಲಮಂಗಲ ದಾಟಿ, ಬೆಳಗಿನ ಜಾವದ ಮಬ್ಬಿನಲ್ಲಿ ತುಮಕೂರು ರಸ್ತೆಯ ಮೂಲಕ ಬೆಂಗಳೂರನ್ನು ಪ್ರವೇಶಿಸುತ್ತವೆ. ಹೆಬ್ಬಾಳ, ಯಲಹಂಕ, ಆರ್.ಟಿ. ನಗರಗಳ ಕಡೆಗೆ ಹೋಗಬೇಕಾದ ವಿದ್ಯಾರ್ಥಿಗಳು ಗೊರಗುಂಟೆಪಾಳ್ಯದಲ್ಲಿಯೇ ಇಳಿದು ವರ್ತುಲ ರಸ್ತೆಯ ಬಸ್ಸಿಗೆ ಕಾಯುತ್ತಾರೆ. ಅವರು ಕಾಯುವ ಜಾಗದಿಂದ ಬಹು ದೂರವೇನೂ ಇಲ್ಲದೆ, ಯಶವಂತಪುರದ ಕೈಗಾರಿಕಾ ಉಪನಗರದಲ್ಲಿ, ಭಾರತೀಯ ಗಣಿ ಬ್ಯೂರೋದ ಪ್ರಾದೇಶಿಕ ಕಚೇರಿಯಿದೆ. ಪ್ರಧಾನ ಖನಿಜಗಳ ಗಣಿ ಯೋಜನೆಗಳನ್ನು ಪರಿಶೀಲಿಸಿ ಅನುಮೋದಿಸುವ ಕೇಂದ್ರ ಸಂಸ್ಥೆಯಿದು. ತಮ್ಮ ಊರಿನ ಬೆಟ್ಟದ ಹೆಸರು ಇಂಥ ಕಚೇರಿಗಳ ಯಾವುದಾದರೂ ಕಡತದಲ್ಲಿ ಇದ್ದೀತೆಂಬ ಯೋಚನೆ, ಚೀಲ ಹೆಗಲಿಗೇರಿಸಿ ನಿಂತ ಆ ವಿದ್ಯಾರ್ಥಿಗಳಿಗೆ ಬರುವುದು ಅಪರೂಪ.

ಯಲಹಂಕ, ಹೆಬ್ಬಾಳಗಳ ಕೆಳಗಿರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಮನೆಗಟ್ಟುವುದಕ್ಕೆ, ಜಲ್ಲಿಯೊಡೆಯುವುದಕ್ಕೆ ಅದು ಒದಗೀತೇ ಹೊರತು ತಾಮ್ರ, ಸೀಸ, ಸತುವುಗಳ ಗಣಿಗೆ ಒದಗುವಂಥದಲ್ಲ. ಲೋಹ ಸಿಕ್ಕುವ ಭರವಸೆಯಿರುವುದು ಗದಗದಿಂದ ಶ್ರೀರಂಗಪಟ್ಟಣದ ತನಕ ಹಬ್ಬಿರುವ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ, ಶಿವಮೊಗ್ಗ ಮತ್ತು ಬಾಬಾಬುಡನ್ ಪಟ್ಟಿಗಳಲ್ಲಿ, ಘಟ್ಟದ ಸಾಲಿನಲ್ಲಿ. ಹೀಗೆ ಲೋಹವಿರುವ ಕಡೆ ನಿರ್ಧಾರವಿಲ್ಲ, ನಿರ್ಧಾರವಿರುವ ಕಡೆ ಲೋಹವಿಲ್ಲ. ಇವೆರಡರ ನಡುವಿನ ದೂರದಲ್ಲಿ ಒಂದು ಪದ ಸದ್ದಿಲ್ಲದೆ ಓಡಾಡುತ್ತಿದೆ. ಆ ಪದ ‘ಸಾಧ್ಯತೆ’.

‘ಈ ಪ್ರದೇಶದಲ್ಲಿ ಇದುವರೆಗೆ ಕೊರೆತ ನಡೆದಿಲ್ಲ; ಆದರೆ ಮೂಲಲೋಹಗಳ ಅನ್ವೇಷಣೆಗೆ ಉತ್ತಮ ಸಾಧ್ಯತೆಯಿದೆ’ ಎಂಬ ಧಾಟಿಯ ಮಾತು ಲೋಕದ ಎಲ್ಲ ಗಣಿ ವರದಿಗಳಲ್ಲಿಯೂ ಕಾಣಸಿಗುತ್ತದೆ. ಹೂಡಿಕೆದಾರನ ಕಿವಿಗೆ ಇದು ಆಮಂತ್ರಣ. ಬೆಟ್ಟದ ತಪ್ಪಲಿನ ರೈತನ ಕಿವಿಗೆ ಇದು ಬೀಳುವುದೇ ಇಲ್ಲ. ಬಿದ್ದರೂ ‘ಇನ್ನೂ ಕೊರೆದಿಲ್ಲವಲ್ಲ, ಆಮೇಲೆ ನೋಡೋಣ’ ಎಂಬ ಸಮಾಧಾನವೇ ಅವನಲ್ಲಿ ಹುಟ್ಟುತ್ತದೆ. ಈ ಸಮಾಧಾನವೇ ಅಪಾಯಕಾರಿ. ಬೆಟ್ಟದ ವಿಷಯದಲ್ಲಿ ಊರಿನವರು ಮಾತಾಡಬೇಕಾದ ಕಾಲ ಮೊದಲ ಕೊರೆತಕ್ಕೆ ಮುಂಚಿನದೇ ಹೊರತು ಅನಂತರದ್ದಲ್ಲ.

ಸಾಧ್ಯತೆ ಎಂದರೇನು?

ತಾಮ್ರ, ಸೀಸ, ಸತು ಮುಂತಾದವುಗಳನ್ನು ಗಣಿಗಾರಿಕೆಯ ಭಾಷೆಯಲ್ಲಿ ಮೂಲಲೋಹಗಳೆನ್ನುತ್ತಾರೆ. ಬಹುಮಟ್ಟಿಗೆ ಇವು ಗಂಧಕದೊಡನೆ ಕೂಡಿಕೊಂಡು ಕಲ್ಲಿನೊಳಗೆ ಅಡಗಿರುತ್ತವೆ. ನೆಲದ ಮೇಲಿರುವ ಮನುಷ್ಯನಿಗೆ ಒಳಗಿನ ಅದಿರು ಕಾಣದು. ಅದರ ಸುಳಿವುಗಳು ಮಾತ್ರ ಕಾಣುತ್ತವೆ. ಹಳ್ಳದ ಮರಳನ್ನು ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಒಯ್ದು, ಅದರಲ್ಲಿ ತಾಮ್ರದ ಅಂಶ ಸುತ್ತಲಿನದಕ್ಕಿಂತ ಹೆಚ್ಚಿದೆಯೇ ಎಂದು ನೋಡುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ದೇಶದ ಉದ್ದಗಲಕ್ಕೂ ನಡೆಸಿರುವ ಭೂರಾಸಾಯನಿಕ ನಕ್ಷೆಯ ಕೆಲಸ ಇಂಥದು. ಹಳ್ಳದ ದಂಡೆಯಲ್ಲಿ ಮರಳು ತುಂಬುತ್ತಿದ್ದ ಅಪರಿಚಿತರನ್ನು ಕಂಡ ನೆನಪು ಕೆಲವು ಊರುಗಳಲ್ಲಿ ಇದ್ದೀತು. ಬಂಡೆಯ ಮೈಮೇಲಿನ ಹಸಿರು ಕಲೆ, ತುಕ್ಕು ಹಿಡಿದ ಟೊಪ್ಪಿಗೆಯಂತೆ ಗುಡ್ಡದ ನೆತ್ತಿಯಲ್ಲಿ ಕೂತ ಕೆಂಗಲ್ಲು, ಹಿಂದಿನವರು ತೋಡಿ ಬಿಟ್ಟ ಗುಂಡಿಗಳು, ಇವೂ ಸುಳಿವುಗಳೇ. ನೆಲಕ್ಕೆ ವಿದ್ಯುತ್ತನ್ನು ಹರಿಸಿ, ನಿಲ್ಲಿಸಿ, ಒಳಗಿನ ಕಲ್ಲು ಅದನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯುವ ಕ್ರಮವೂ ಉಂಟು. ಗಂಧಕದ ಅದಿರಿಗೆ ಆ ಗುಣವಿದೆ.

ಆದರೆ ಸುಳಿವು ಅದಿರಲ್ಲ. ಶಿಸ್ಟ್ ಕಲ್ಲಿನ ಪಟ್ಟಿಗಳಲ್ಲಿ ಅಲ್ಲಲ್ಲಿ ಇರುವ ಗ್ರಾಫೈಟ್, ಅಂದರೆ ಪೆನ್ಸಿಲಿನ ಕಡ್ಡಿಯ ವಸ್ತು, ವಿದ್ಯುತ್ ಪರೀಕ್ಷೆಯಲ್ಲಿ ತಾಮ್ರದ ಅದಿರಿನಂತೆಯೇ ಉತ್ತರ ಕೊಡಬಲ್ಲುದು. ಬೆಲೆಯಿಲ್ಲದ ಕಬ್ಬಿಣ ಗಂಧಕವೂ ಹಾಗೆಯೇ. ಮಲೆನಾಡಿನಲ್ಲಿ ಸಾವಿರಾರು ವರ್ಷಗಳ ಮಳೆಯಲ್ಲಿ ಮೇಲ್ಪದರ ತೊಳೆದುಹೋಗಿ ಜಂಬಿಟ್ಟಿಗೆಯಾಗಿರುವುದರಿಂದ, ಮಣ್ಣಿನಲ್ಲಿ ಲೋಹ ಕಾಣದಿದ್ದರೂ ಕೆಳಗಿರಬಹುದು. ಮಣ್ಣಿನಲ್ಲಿ ಕಂಡರೂ ಕೆಳಗಿರದಿರಬಹುದು. ಈ ಅನುಮಾನ ಪರಿಹಾರವಾಗುವುದು ಬಳೆಯಾಕಾರದ ವಜ್ರದ ಹಲ್ಲಿನಿಂದ ಕಲ್ಲನ್ನು ಕೊರೆದು, ಸುಮಾರು ಐದು ಸೆಂಟಿಮೀಟರ್ ದಪ್ಪದ ಕಲ್ಲಿನ ಕಂಬವನ್ನು ನೂರಾರು ಮೀಟರ್ ಆಳದಿಂದ ತುಂಡುತುಂಡಾಗಿ ಮೇಲೆತ್ತಿದಾಗ ಮಾತ್ರ. ಅದೂ ಒಂದೆರಡು ಕೊರೆತಗಳಿಂದ ಸಾಲದು. ಅದಿರಿನ ಉದ್ದಗಲ ತಿಳಿಯಬೇಕಾದರೆ ನೂರು ಮೀಟರ್ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸಾಲುಸಾಲಾಗಿ ಕೊರೆಯಬೇಕು.

ಸರಕಾರದ ವರ್ಗೀಕರಣದಲ್ಲಿ ಈ ಹಾದಿಗೆ ನಾಲ್ಕು ಮೆಟ್ಟಿಲುಗಳಿವೆ. ಜಿ-4 ಎಂದರೆ ಮೇಲ್ನೋಟದ ಸಮೀಕ್ಷೆ. ಜಿ-3 ಪ್ರಾಥಮಿಕ, ಜಿ-2 ಸಾಮಾನ್ಯ, ಜಿ-1 ವಿವರವಾದ ಅನ್ವೇಷಣೆ. ಕೊರೆಯದ ಬೆಟ್ಟವೊಂದರ ‘ಉತ್ತಮ ಸಾಧ್ಯತೆ’ ನಾಲ್ಕನೆಯ ಮೆಟ್ಟಿಲಿನ ಮಾತು. ಅಲ್ಲಿಂದ ಹೊರಟ ತಾಣಗಳಲ್ಲಿ ಬಹುಪಾಲು ಎಂದೂ ಗಣಿಯಾಗುವುದಿಲ್ಲ ಎಂಬುದನ್ನು ಭೂವಿಜ್ಞಾನಿಗಳೇ ಒಪ್ಪುತ್ತಾರೆ.

ಕೊರೆದ ಮೇಲೂ ಮಾತು ಸುಳ್ಳಾಗಬಲ್ಲುದು. ಇಂಡೋನೇಷ್ಯದ ಬುಸಾಂಗ್ ಎಂಬಲ್ಲಿ ಅಪಾರ ಚಿನ್ನವಿದೆಯೆಂದು ಕೆನಡದ ಬ್ರೆ-ಎಕ್ಸ್ ಎಂಬ ಕಂಪನಿ ಸಾರಿತ್ತು. 1997ರಲ್ಲಿ, ಕೊರೆತದ ಮಾದರಿಗಳಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತೆಂಬುದು ಬಯಲಾಗಿ ಸಾವಿರಾರು ಜನರ ಹಣ ಮಣ್ಣುಪಾಲಾಯಿತು. ಆ ಪೆಟ್ಟಿನ ಅನಂತರ 2001ರಲ್ಲಿ ಕೆನಡ ಜಾರಿಗೆ ತಂದ ನಿಯಮದಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಸಾಕಷ್ಟು ಅನ್ವೇಷಣೆ ನಡೆಯದ ತಾಣದ ಸಾಧ್ಯತೆಯನ್ನು ಅಂಕಿಯಲ್ಲಿ ಹೇಳುವುದಾದರೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಬೇಕು. ಇದು ಬರಿಯ ಕಲ್ಪನೆಯ ಮಟ್ಟದ್ದು, ಖನಿಜ ಸಂಪತ್ತೆಂದು ಕರೆಯುವಷ್ಟು ಅನ್ವೇಷಣೆ ಆಗಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಬರೆಯಬೇಕು. ಷೇರು ಕೊಳ್ಳುವವನ ಹಣವನ್ನು ಕಾಯುವುದಕ್ಕಾಗಿ ಇಷ್ಟು ಎಚ್ಚರಿಕೆ ಬೇಕೆಂದಾದರೆ, ನೆಲ ಕಳೆದುಕೊಳ್ಳುವವನಿಗೆ ಅದೇ ಪ್ರಾಮಾಣಿಕತೆ ಏಕೆ ಬೇಡ?

ಇಂಗಳದಾಳದ ಪಾಠ

ಕರ್ನಾಟಕಕ್ಕೆ ತಾಮ್ರ ಹೊಸದಲ್ಲ. ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿಯೂ, ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯ ಕಲ್ಯಾಡಿಯಲ್ಲಿಯೂ ಪೂರ್ವಕಾಲದವರು ತಾಮ್ರಕ್ಕಾಗಿ ತೋಡಿದ ಗುಂಡಿಗಳಿದ್ದವು. ಆಧುನಿಕ ಭೂವಿಜ್ಞಾನಿಗಳನ್ನು ಅಲ್ಲಿಗೆ ಕರೆದೊಯ್ದದ್ದೂ ಆ ಗುಂಡಿಗಳೇ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾರಸ ಅಲ್ಲಿನ ಕಲ್ಲಾಗಿದೆ. ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಅಂಥ ಲಾವಾವನ್ನು ಸಮೀಪದ ಮರಡಿಹಳ್ಳಿಯಲ್ಲಿ ಇಂದಿಗೂ ಕಾಣಬಹುದು. ಇಂಗಳದಾಳದಲ್ಲಿ ಗಣಿ ನಡೆಯಿತು. ಮುಂದೆ ಅದು ರಾಜ್ಯ ಸರಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕವಾಯಿತು. ಕೊನೆಗೆ ಖರ್ಚಿಗೂ ಹುಟ್ಟುವಳಿಗೂ ಹೊಂದದೆ ಮುಚ್ಚಿತು.

ಇಂಗಳದಾಳದಲ್ಲಿ ಲೋಹವಿದ್ದದ್ದು ಸುಳ್ಳಾಗಿರಲಿಲ್ಲ. ಆದರೆ ಲೋಹವಿರುವುದು ಬೇರೆ, ಗಣಿ ಬಾಳುವುದು ಬೇರೆ. ಹೀಗೊಂದು ಲೆಕ್ಕ ಹಾಕಿ ನೋಡಬಹುದು. ಅದಿರಿನಲ್ಲಿ ನೂರಕ್ಕೆ ಒಂದರಷ್ಟು ತಾಮ್ರವಿದೆಯೆಂದರೆ, ಒಂದು ಟನ್ ತಾಮ್ರಕ್ಕಾಗಿ ನೂರು ಟನ್ ಕಲ್ಲನ್ನು ಅಗೆದು ಹಿಟ್ಟು ಮಾಡಬೇಕು. ಲೋಹ ಲಾರಿಯೇರಿ ಹೊರಟುಹೋಗುತ್ತದೆ. ಉಳಿದ ತೊಂಬತ್ತೊಂಬತ್ತು ಟನ್ ಹಿಟ್ಟು ಊರಿನಲ್ಲಿಯೇ ಉಳಿಯುತ್ತದೆ. ಲೋಹದ ಬೆಲೆ ಲಂಡನ್ನಿನ ಪೇಟೆಯಲ್ಲಿ ಇಳಿದ ದಿನ ಗಣಿ ಬಾಗಿಲು ಹಾಕಬಹುದು. ಹಿಟ್ಟಿನ ಗುಡ್ಡಕ್ಕೆ ಮುಚ್ಚುವ ಬಾಗಿಲಿಲ್ಲ. 2001ರ ಫೆಬ್ರವರಿಯಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಅಲ್ಲಿನ ಸಯನೈಡ್ ದಿಬ್ಬಗಳ ಧೂಳು ಮಾತ್ರ ಗಾಳಿ ಬಂದಾಗಲೆಲ್ಲ ಇಂದಿಗೂ ಏಳುತ್ತದೆ.

ಗಂಧಕದ ಅದಿರಿಗೆ ಇನ್ನೊಂದು ಸ್ವಭಾವವುಂಟು. ಕತ್ತಲಲ್ಲಿ, ಆಳದಲ್ಲಿ, ಗಾಳಿ ತಾಕದೆ ಇರುವಷ್ಟು ಕಾಲ ಅದು ಸಾಧು. ಪುಡಿಯಾಗಿ ಗಾಳಿಗೂ ನೀರಿಗೂ ಒಡ್ಡಿಕೊಂಡಿತೆಂದರೆ ಗಂಧಕಾಮ್ಲವಾಗಿ ಹರಿಯತೊಡಗುತ್ತದೆ. ಆ ಆಮ್ಲ ಕಲ್ಲಿನಲ್ಲಿ ಉಳಿದಿರುವ ತಾಮ್ರ, ಸತು, ಸೀಸ, ಕೆಲವೆಡೆ ಶಂಖಪಾಷಾಣವನ್ನೂ ಕರಗಿಸಿ ಹಳ್ಳಕ್ಕೆ ಸೇರಿಸುತ್ತದೆ. ಚಿತ್ರದುರ್ಗ ಮಳೆ ಕಡಿಮೆಯಿರುವ ಸೀಮೆ. ಇದೇ ಬಗೆಯ ಅದಿರನ್ನು ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಘಟ್ಟದ ನೆತ್ತಿಯಲ್ಲಿ ಒಡೆದು ಹರಡಿದರೆ ಏನಾದೀತೆಂಬುದನ್ನು ಊಹಿಸಲು ಭೂವಿಜ್ಞಾನದ ಪದವಿ ಬೇಕಿಲ್ಲ. ಗದ್ದೆಯ ಅಂಚಿನಲ್ಲಿ ನೀರಿನ ಬಣ್ಣ ನೋಡಿ ಮಣ್ಣಿನ ಹದ ಹೇಳುವ ಯಾವ ರೈತನಾದರೂ ಅದನ್ನು ಹೇಳಬಲ್ಲ.

ಕಡತಕ್ಕೆ ಸಾವಿಲ್ಲ

‘ಈಗೇನೂ ಆಗುತ್ತಿಲ್ಲವಲ್ಲ’ ಎನ್ನುವವರು ಕುದುರೆಮುಖದ ಕಥೆಯನ್ನು ನೆನೆಯಬೇಕು. ಅಲ್ಲಿ ಕಬ್ಬಿಣದ ಅದಿರಿದೆಯೆಂದು ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದು 1913ರಲ್ಲಿ. ಗಣಿ ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಅರುವತ್ತಮೂರು ವರ್ಷ ಆ ಸಾಧ್ಯತೆ ಕಾಗದದಲ್ಲಿ ಮಲಗಿತ್ತು. ಎದ್ದ ಮೇಲೆ ಅದನ್ನು ಮತ್ತೆ ಮಲಗಿಸುವುದಕ್ಕೆ ಚಳವಳಿ, ಮೊಕದ್ದಮೆ, ತಜ್ಞರ ಸಮಿತಿಗಳೆಲ್ಲ ಬೇಕಾದವು. ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ಆದೇಶವಿತ್ತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅಷ್ಟರಲ್ಲಿ ಲಕ್ಯಾ ಅಣೆಕಟ್ಟೆಯ ಹಿಂದೆ ಹೂಳು ಬೆಟ್ಟದಂತೆ ತುಂಬಿಕೊಂಡಿತ್ತು, ಭದ್ರೆ ಕೆಂಪಾಗಿ ಹರಿದಿದ್ದಳು. ಒಮ್ಮೆ ವರದಿಯಲ್ಲಿ ಬರೆದಿಟ್ಟ ಸಾಧ್ಯತೆ, ಲೋಹದ ಬೆಲೆ ಏರಲಿ ಎಂದು ಕಾಯುತ್ತ ಎಷ್ಟು ದಶಕಗಳಾದರೂ ಬದುಕಿರಬಲ್ಲುದು. ಅದನ್ನು ವಿರೋಧಿಸಿದವರ ನೆನಪು ಒಂದು ತಲೆಮಾರಿಗೇ ಮಾಸಬಹುದು.

ಕಾನೂನು ಸರಿದ ಬಗೆ

ಕಾನೂನಿನಲ್ಲಿ ಈಚೆಗೆ ಆದ ಬದಲಾವಣೆಗಳನ್ನು ಗ್ರಾಮಸ್ಥರು ಗಮನಿಸಲೇಬೇಕು. 1999ರಲ್ಲಿ ಗಣಿ ಮತ್ತು ಖನಿಜಗಳ ಕಾಯಿದೆಗೆ ತಿದ್ದುಪಡಿ ತಂದು ಮೇಲ್ನೋಟದ ಸಮೀಕ್ಷೆಗೆಂದೇ ಪ್ರತ್ಯೇಕ ಪರವಾನಗಿಯನ್ನು ಸೃಷ್ಟಿಸಲಾಯಿತು. ಒಂದು ಪರವಾನಗಿಗೆ 5000 ಚದರ ಕಿಲೋಮೀಟರ್‌ವರೆಗೆ ನೆಲ ದೊರೆಯಬಹುದಿತ್ತು. ಪ್ರದೇಶ ದೊಡ್ಡದಾದರೂ ಅದಕ್ಕೊಂದು ಕಟ್ಟುಪಾಡಿತ್ತು. ಆ ಹಂತದಲ್ಲಿ ಗುಂಡಿ ತೋಡುವುದು, ಕಾಲುವೆ ತೆಗೆಯುವುದು, ನೆಲದೊಳಕ್ಕೆ ಇಳಿಯುವುದು ಸಲ್ಲದು. ಕೊರೆತವೂ ಸರಕಾರ ಗೊತ್ತುಪಡಿಸಿದ ಅಂತರಗಳ ಹೊರತು ಸಲ್ಲದು ಎಂಬುದೇ ಆ ಕಟ್ಟುಪಾಡು. ನೋಡುವುದಕ್ಕೂ ಅಗೆಯುವುದಕ್ಕೂ ನಡುವೆ ಕಾನೂನೇ ಒಂದು ಗೆರೆ ಎಳೆದಿತ್ತು.

2015ರಲ್ಲಿ ಹರಾಜು ಪದ್ಧತಿ ಬಂತು. ಅನ್ವೇಷಣೆ ಮತ್ತು ಗಣಿ ಎರಡಕ್ಕೂ ಸೇರಿದ ಸಂಯುಕ್ತ ಪರವಾನಗಿ ಜಾರಿಯಾಯಿತು. ಅದನ್ನು ಹರಾಜಿನಲ್ಲಿ ಪಡೆದವರು ಅನ್ವೇಷಣೆ ಮುಗಿಸಿ ಖನಿಜವಿರುವುದನ್ನು ತೋರಿಸಿದರೆ ಗಣಿ ಗುತ್ತಿಗೆಗೆ ಹಕ್ಕುದಾರರಾಗುತ್ತಾರೆ. 2021ರಲ್ಲಿ ನಿಯಮವನ್ನು ಸಡಿಲಿಸಿ, ಜಿ-4 ಮಟ್ಟದ ಮಾಹಿತಿಯಷ್ಟೇ ಇರುವ ಪ್ರದೇಶಗಳನ್ನೂ ಹೀಗೆ ಹರಾಜಿಗಿಡಲು ಅವಕಾಶ ಮಾಡಿಕೊಡಲಾಯಿತು. ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿದೆ. ಬೆಟ್ಟದೊಳಗೆ ಏನಿದೆಯೆಂದು ಯಾರಿಗೂ ತಿಳಿಯದ ಹಂತದಲ್ಲಿಯೇ, ಏನಾದರೂ ಇದ್ದರೆ ಅದನ್ನು ಅಗೆಯುವ ಹಕ್ಕಿನ ಬೀಜ ಬಿತ್ತಿ ಆಗಿರುತ್ತದೆ.

2023ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ತಾಮ್ರ, ಸೀಸ, ಸತು, ಚಿನ್ನ, ನಿಕ್ಕಲ್, ಕೋಬಾಲ್ಟ್ ಮೊದಲಾದ 29 ಖನಿಜಗಳಿಗೆ ‘ಅನ್ವೇಷಣಾ ಪರವಾನಗಿ’ ಎಂಬ ಹೊಸ ಬಗೆಯನ್ನು ತರಲಾಯಿತು. ಒಂದು ಪರವಾನಗಿಗೆ 1000 ಚದರ ಕಿಲೋಮೀಟರ್‌ವರೆಗೆ ನೆಲ. ಅವಧಿ ಐದು ವರ್ಷ, ಬೇಕೆಂದರೆ ಇನ್ನೆರಡು ವರ್ಷ. ಮೂರು ವರ್ಷದ ಅನಂತರ ಮೂಲ ಪ್ರದೇಶದ ಕಾಲುಭಾಗವನ್ನು ಮಾತ್ರ ಉಳಿಸಿಕೊಳ್ಳಬಹುದು. ಅದಿರು ಸಾಬೀತಾದರೆ ಸರಕಾರ ಗಣಿ ಗುತ್ತಿಗೆಯನ್ನು ಹರಾಜು ಹಾಕಬೇಕು. ಬಂದ ಹರಾಜು ಮೊತ್ತದಲ್ಲಿ ಅನ್ವೇಷಕರಿಗೂ ಪಾಲುಂಟು. ಇದೇ ತಿದ್ದುಪಡಿಯಲ್ಲಿ, ಮೇಲ್ನೋಟದ ಸಮೀಕ್ಷೆಯ ಹಂತದಲ್ಲಿ ಗುಂಡಿ, ಕಾಲುವೆ, ಕೊರೆತಗಳಿಗೆ ಇದ್ದ ನಿಷೇಧವನ್ನು ತೆಗೆದುಹಾಕಲಾಯಿತು. ಅದೇ ವರ್ಷ ಅರಣ್ಯ ಸಂರಕ್ಷಣಾ ಕಾಯಿದೆಯನ್ನೂ ತಿದ್ದಿ, ಸಮೀಕ್ಷೆ ಮತ್ತು ಅನ್ವೇಷಣೆಯನ್ನು ಕೇಂದ್ರ ಸರಕಾರ ವಿಧಿಸುವ ಷರತ್ತುಗಳಿಗೆ ಒಳಪಟ್ಟು ‘ಅರಣ್ಯೇತರ ಉದ್ದೇಶ’ವೆಂದು ಪರಿಗಣಿಸಬೇಕಿಲ್ಲವೆಂದು ಹೇಳಲಾಯಿತು. 2025ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಅನ್ವೇಷಣಾ ಪರವಾನಗಿಗಳ ಮೊದಲ ಹರಾಜನ್ನು ಆರಂಭಿಸಿತು.

ನೋಡುವುದಕ್ಕೂ ಅಗೆಯುವುದಕ್ಕೂ ನಡುವೆ ಇದ್ದ ಗೆರೆ ಹೀಗೆ ಅಳಿಸಿಹೋಗಿದೆ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ವ್ಯವಸ್ಥೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಬರುವುದು ಗಣಿಯ ಹಂತದಲ್ಲಿ. ಖನಿಜ ಶೋಧನೆಗೆ ಅದರಿಂದ ವಿನಾಯಿತಿಯಿದೆ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿ ಗ್ರಾಮಸ್ಥರ ಅಭಿಪ್ರಾಯ ಕೇಳುವ ಹೊತ್ತಿಗೆ ಹರಾಜು ಮುಗಿದಿರುತ್ತದೆ, ಕೊರೆತ ಮುಗಿದಿರುತ್ತದೆ, ಕೋಟಿಗಟ್ಟಲೆ ಹಣ ಖರ್ಚಾಗಿರುತ್ತದೆ. ಅಷ್ಟು ಖರ್ಚಾದ ಮೇಲೆ ‘ಬೇಡ’ ಎಂಬ ಮಾತನ್ನು ಕೇಳಿಸಿಕೊಳ್ಳುವ ಕಿವಿ ಯಾವ ಸರಕಾರಕ್ಕೂ ಇರುವುದಿಲ್ಲ. ಮದುವೆಯ ಚಪ್ಪರ ಹಾಕಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದಂತೆ ಇದು.

ಕೊರೆತ ಸಣ್ಣದಲ್ಲ

‘ಐದು ಸೆಂಟಿಮೀಟರಿನ ಒಂದು ತೂತಿನಿಂದ ಬೆಟ್ಟಕ್ಕೇನಾದೀತು? ಊರೂರಿಗೆ ನೂರಾರು ಕೊಳವೆಬಾವಿ ಕೊರೆಯುವವರೇ ಇದನ್ನು ಹೇಳಬೇಕೆ?’ ಎಂಬ ಪ್ರಶ್ನೆ ಸಹಜ. ಪ್ರಶ್ನೆಯಲ್ಲಿ ನ್ಯಾಯವೂ ಇದೆ. ಸರಿಯಾಗಿ ಕೊರೆದು, ಸರಿಯಾಗಿ ಮುಚ್ಚಿದ ಒಂದು ತೂತಿನಿಂದ ಬೆಟ್ಟ ಸಾಯುವುದಿಲ್ಲ. ಆದರೆ ತೂತು ಒಂಟಿಯಾಗಿ ಬರುವುದಿಲ್ಲ. ಯಂತ್ರ ಏರಬೇಕಾದರೆ ದಾರಿ ಬೇಕು. ಇಳಿಜಾರಿನಲ್ಲಿ ಕಡಿದ ದಾರಿ ಮೊದಲ ಮಳೆಗೇ ಕೊರಕಲಾಗುತ್ತದೆ. ಯಂತ್ರ ನಿಲ್ಲಬೇಕಾದರೆ ಸಮತಟ್ಟು ಬೇಕು. ಹಲ್ಲು ತಣ್ಣಗಿರಲು, ಕಲ್ಲಿನ ಪುಡಿ ಮೇಲೆ ಬರಲು ನೀರು ಬೇಕು. ಅದು ಬರುವುದು ಮೇಲಿನ ಝರಿಯಿಂದಲೇ. ಬೆಟ್ಟದೊಳಗಿನ ಬಿರುಕುಗಳಲ್ಲಿ ನಿಧಾನವಾಗಿ ಇಳಿದು ತೋಟದ ತಲೆಯಲ್ಲಿ ಒರತೆಯಾಗುವ ನೀರಿಗೆ, ಮುಚ್ಚದೆ ಬಿಟ್ಟ ಆಳದ ಕೊರೆತಗಳು ಬೇರೆ ದಾರಿ ತೋರಿಸಬಲ್ಲವು. ಗಂಧಕದ ಪುಡಿ ಬೆರೆತ ಕೆಸರು ಹೊಂಡದಲ್ಲಿ ನಿಲ್ಲದೆ ಹಳ್ಳ ಸೇರಬಲ್ಲುದು.

ಇವೆಲ್ಲಕ್ಕಿಂತ ಮುಖ್ಯವಾದ ಪರಿಣಾಮ ಊರಿನೊಳಗೆ ಆಗುತ್ತದೆ. ಅದಿರು ಸಿಕ್ಕುತ್ತದಂತೆ ಎಂಬ ಸುದ್ದಿ ಹಬ್ಬಿದ ಕೂಡಲೇ ಹೊರಗಿನ ದಲ್ಲಾಳಿಗಳು ಜಮೀನಿನ ಬೆಲೆ ವಿಚಾರಿಸತೊಡಗುತ್ತಾರೆ. ಮಗನಿಗೆ ಕೆಲಸ ಸಿಕ್ಕೀತೆಂದು ಒಬ್ಬ, ತೋಟ ಹೋದೀತೆಂದು ಇನ್ನೊಬ್ಬ, ದಾಯಾದಿಗಳ ನಡುವೆ ಮಾತು ನಿಲ್ಲುತ್ತದೆ. ಹೊಸ ಅಡಿಕೆ ಸಸಿ ನೆಡಲು ರೈತನ ಕೈ ಹಿಂಜರಿಯುತ್ತದೆ. ಗಣಿ ಬರುವುದೋ ಇಲ್ಲವೋ, ಅದರ ನೆರಳು ಮೊದಲು ಬಂದು ಬೀಳುತ್ತದೆ. ಅನ್ವೇಷಣೆಯ ಹಂತದಲ್ಲಿ ರಾಜಧನವಿಲ್ಲ. ಆದ್ದರಿಂದ 2015ರಲ್ಲಿ ಆರಂಭವಾದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುವುದೂ ಇಲ್ಲ. ನಷ್ಟದ ಈ ನೆರಳಿಗೆ ಲೆಕ್ಕವಿಡುವ ಪುಸ್ತಕವೇ ಇಲ್ಲ.

ತಾಮ್ರ ಬೇಡವೆ?

ಎದುರು ಪಕ್ಷದ ವಾದವನ್ನು ತಳ್ಳಿಹಾಕುವುದು ಸರಿಯಲ್ಲ. ಪಂಪ್‌ಸೆಟ್ಟಿನ ಮೋಟಾರಿನಲ್ಲಿ ತಾಮ್ರವಿದೆ, ಮನೆಯ ತಂತಿಯಲ್ಲಿದೆ, ಮೊಬೈಲಿನಲ್ಲಿದೆ. ಕಲ್ಲಿದ್ದಲು ಬಿಟ್ಟು ಸೂರ್ಯ, ಗಾಳಿಗಳ ವಿದ್ಯುತ್ತಿಗೆ ಹೋಗಬೇಕೆಂದು ಪರಿಸರವಾದಿಗಳೇ ಕೇಳುತ್ತಾರೆ. ಅದಕ್ಕೆ ಇನ್ನೂ ಹೆಚ್ಚು ತಾಮ್ರ ಬೇಕು. 2023ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಇದೆ. ದೇಶದ ಕಾರ್ಖಾನೆಗಳು ತಾಮ್ರದ ಅದಿರಿನ ಸಾರವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತವೆ. ಅಲ್ಲಿಯ ಬೆಟ್ಟಗಳಲ್ಲಿಯೂ ಜನರಿದ್ದಾರೆ. ‘ನಮ್ಮ ಬೆಟ್ಟ ಬೇಡ, ಬೇರೆಯವರ ಬೆಟ್ಟ ಆಗಬಹುದು’ ಎಂಬುದು ಚಳವಳಿಯ ಮಾತಾಗಲಾರದು.

ಆದರೆ ಈ ವಾದದಿಂದ ‘ಆದ್ದರಿಂದ ಎಲ್ಲ ಬೆಟ್ಟವನ್ನೂ ಕೊರೆಯಬೇಕು’ ಎಂಬ ತೀರ್ಮಾನ ಹೊರಡುವುದಿಲ್ಲ. ತಾಮ್ರವನ್ನು ಎಷ್ಟು ಬಾರಿ ಕರಗಿಸಿದರೂ ಅದು ತಾಮ್ರವಾಗಿಯೇ ಉಳಿಯುತ್ತದೆ. ಯಶವಂತಪುರದಿಂದ ಪೀಣ್ಯದವರೆಗಿನ ಕಾರ್ಖಾನೆಗಳು, ಉತ್ತರ ಬೆಂಗಳೂರಿನ ಬಹುಮಹಡಿ ಕಟ್ಟಡಗಳು, ಹಳೆಯ ಮೋಟಾರು, ಟ್ರಾನ್ಸ್‌ಫಾರ್ಮರು, ಎಸೆದ ಕಂಪ್ಯೂಟರುಗಳು ಎಲ್ಲವೂ ಸೇರಿದರೆ ಅದೂ ಒಂದು ಅದಿರಿನ ಗುಡ್ಡವೇ. ನೂರಕ್ಕೆ ಒಂದು ಪಾಲಿರುವ ಕಲ್ಲಿಗಿಂತ ಸುಟ್ಟ ಮೋಟಾರಿನ ಸುರುಳಿಯಲ್ಲಿ ತಾಮ್ರ ಎಷ್ಟೋ ಪಾಲು ಹೆಚ್ಚು. ಆ ಗುಡ್ಡವನ್ನು ಗುಜರಿಯ ಬಡ ಕೂಲಿಗಳ ಬರಿಗೈಗೆ ಬಿಟ್ಟು, ಕಾಡಿನ ಗುಡ್ಡಕ್ಕೆ ಯಂತ್ರ ಕಳಿಸುವುದು ವಿವೇಕವಲ್ಲ. ಮುಚ್ಚಿದ ಹಳೆಯ ಗಣಿಗಳ ಸುತ್ತ ಈಗಾಗಲೇ ಕೆಟ್ಟಿರುವ ನೆಲದಲ್ಲಿ ಏನುಳಿದಿದೆಯೆಂದು ನೋಡುವುದು ಎರಡನೆಯ ಹೆಜ್ಜೆಯಾಗಬೇಕು. ಕೈ ಹಾಕದ ನದಿಮೂಲದ ಬೆಟ್ಟ ಕೊನೆಯಲ್ಲಿ ಬರಬೇಕು, ಅದೂ ಬಂದರೆ.

ನಗರಕ್ಕೆ ಇದರಲ್ಲಿ ಸ್ವಾರ್ಥವೂ ಉಂಟು. 2024ರ ಅಕ್ಟೋಬರಿನಲ್ಲಿ ಆರಂಭವಾದ ಕಾವೇರಿ ಐದನೆಯ ಹಂತದ ನೀರು ನಗರದ ಹೊರವಲಯದ 110 ಹಳ್ಳಿಗಳಿಗೆಂದು ಯೋಜಿತವಾದದ್ದು. ಯಲಹಂಕದ ಕಡೆಯ ಹಳ್ಳಿಗಳೂ ಅದರಲ್ಲಿ ಸೇರಿವೆ. ಆ ಕಾವೇರಿಗೆ ಸೇರುವ ಹೇಮಾವತಿ ಹುಟ್ಟುವುದು ಮೂಡಿಗೆರೆಯ ಬೆಟ್ಟದಲ್ಲಿ, ಯಗಚಿ ಹುಟ್ಟುವುದು ಬಾಬಾಬುಡನ್‌ಗಿರಿಯ ಸಾಲಿನಲ್ಲಿ. ಘಟ್ಟದ ಹಳ್ಳದಲ್ಲಿ ಕರಗಿದ್ದು ನಗರದ ನಲ್ಲಿಗೆ ಸಂಬಂಧವಿಲ್ಲದ್ದಲ್ಲ.

ಆಗಬೇಕಾದದ್ದು

ಮೊದಲನೆಯದಾಗಿ, ಅನ್ವೇಷಣೆಗೆ ಯಾವುದೇ ಪ್ರದೇಶವನ್ನು ಹರಾಜಿಗಿಡುವ ಮುನ್ನ ಅದರ ನಕ್ಷೆಯನ್ನು ಸರ್ವೆ ನಂಬರು ಸಹಿತ, ಕನ್ನಡದಲ್ಲಿ, ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕು. ಜನರನ್ನು ಬಾಧಿಸುವ ನಿರ್ಧಾರಗಳ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಅದನ್ನು ಪಾಲಿಸಿದರೆ ಸಾಕು, ಹೊಸ ಕಾನೂನು ಬೇಕಿಲ್ಲ.

ಎರಡನೆಯದಾಗಿ, ಕೊರೆತಕ್ಕೆ ಮುನ್ನ ಗ್ರಾಮಸಭೆ ನಡೆಯಬೇಕು. ಎಷ್ಟು ಕೊರೆತ, ಎಲ್ಲೆಲ್ಲಿ, ನೀರು ಎಲ್ಲಿಂದ, ಮುಚ್ಚುವವರು ಯಾರು ಎಂಬುದು ಲಿಖಿತವಾಗಿ ಬರಬೇಕು. ಯಾವ ಮೆಟ್ಟಿಲಿನ ಮಾಹಿತಿಯಿದು, ಇದರಲ್ಲಿ ತಿಳಿದದ್ದೆಷ್ಟು, ಊಹೆಯೆಷ್ಟು ಎಂಬುದನ್ನು ಕೆನಡದ ಹೂಡಿಕೆದಾರನಿಗೆ ಹೇಳುವಷ್ಟೇ ನೇರವಾಗಿ ಕೊಪ್ಪದ ಕೃಷಿಕನಿಗೂ ಹೇಳಬೇಕು.

ಮೂರನೆಯದಾಗಿ, ನದಿಮೂಲಗಳು, ಶೋಲಾ ಕಾಡು, ಕಡಿದಾದ ಇಳಿಜಾರುಗಳನ್ನು ಅನ್ವೇಷಣೆಯ ಪಟ್ಟಿಯಿಂದಲೇ ಹೊರಗಿಡಬೇಕು. ಎಂದೂ ಅಗೆಯಬಾರದ ಜಾಗದಲ್ಲಿ ಅದಿರೆಷ್ಟಿದೆ ಎಂದು ಹುಡುಕುವುದು ಆಸೆಯನ್ನು ಕೆರಳಿಸುವ ಕೆಲಸವೇ ಹೊರತು ವಿಜ್ಞಾನದ ಕೆಲಸವಲ್ಲ. ಇಲ್ಲಿ ಮಲೆನಾಡು ತನ್ನನ್ನೂ ವಿಮರ್ಶಿಸಿಕೊಳ್ಳಬೇಕಾಗಿದೆ. ಕಸ್ತೂರಿರಂಗನ್ ವರದಿಯನ್ನು ಆಧರಿಸಿ 2014ರಿಂದ 2024ರವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಬಿತ್ತು. ಪ್ರತಿ ಬಾರಿಯೂ ಘಟ್ಟದ ಊರುಗಳು ಅದನ್ನು ವಿರೋಧಿಸಿದವು. ತೋಟಕ್ಕೆ, ಮನೆಗೆ ತೊಂದರೆಯಾದೀತೆಂಬ ಭಯ ನಿರಾಧಾರವಾಗಿರಲಿಲ್ಲ. ಆ ಭಯವನ್ನು ಹೋಗಲಾಡಿಸುವ ಗೋಜಿಗೆ ಸರಕಾರ ಹೋಗಲೂ ಇಲ್ಲ. ಆದರೆ ಅದೇ ಕರಡಿನಲ್ಲಿ ಗಣಿಗಾರಿಕೆಯ ನಿಷೇಧವೂ ಇತ್ತೆಂಬುದು ಗದ್ದಲದಲ್ಲಿ ಮುಳುಗಿಹೋಯಿತು. ಕೃಷಿಕನ ಹಕ್ಕನ್ನು ಉಳಿಸಿಕೊಂಡು ಗಣಿಯ ನಿಷೇಧವನ್ನು ಬೇಡುವುದು ಪರಸ್ಪರ ವಿರೋಧವಲ್ಲ. ಹಾಗೆ ಬೇರ್ಪಡಿಸಿ ಕೇಳುವ ಜಾಣ್ಮೆಯನ್ನು ಇನ್ನಾದರೂ ತೋರಬೇಕು.

ನಾಲ್ಕನೆಯದು ವಿದ್ಯಾರ್ಥಿಗಳ ಪಾಲಿನದು. ಹಳ್ಳದ ನೀರು ಇಂದು ಹೇಗಿದೆ ಎಂಬ ದಾಖಲೆ ಇಲ್ಲದಿದ್ದರೆ, ನಾಳೆ ಅದು ಕೆಟ್ಟಿತೆಂದು ಯಾವ ನ್ಯಾಯಾಲಯದಲ್ಲಿಯೂ ಸಾಧಿಸಲಾಗದು. ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೀರಿನ ಆಮ್ಲೀಯತೆ, ಸಲ್ಫೇಟ್, ತಾಮ್ರ, ಸತುವುಗಳನ್ನು ಪರೀಕ್ಷಿಸಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಒರತೆಗಳ ಪಟ್ಟಿ ಮಾಡಿ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗಳಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಬಹುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮಣ್ಣು, ನೀರುಗಳ ಪರೀಕ್ಷೆ ಕಲಿಯುತ್ತಿರುವ ಮಲೆನಾಡಿನ ಮಕ್ಕಳು ರಜೆಯಲ್ಲಿ ಊರಿಗೆ ಬರುವಾಗ ಈ ವಿದ್ಯೆಯನ್ನೂ ತರಬೇಕು. ಸರ್ವೇಕ್ಷಣಾ ಇಲಾಖೆಯ ನಕ್ಷೆ, ಮಾಹಿತಿಗಳನ್ನು 2023ರ ಡಿಸೆಂಬರಿನಿಂದ ರಾಷ್ಟ್ರೀಯ ಭಂಡಾರವೊಂದರಲ್ಲಿ ಒಟ್ಟುಗೂಡಿಸಿ ತೆರೆದಿಡಲಾಗಿದೆ. ಹೂಡಿಕೆದಾರರು ಓದುವ ಆ ನಕ್ಷೆಯನ್ನು ಊರಿನ ಮಕ್ಕಳೂ ಓದಬೇಕು. ಪರವಾನಗಿದಾರರಿಂದ ನೆಲಕ್ಕೆ ಹಾನಿಯಾದರೆ ಪರಿಹಾರ ಸಲ್ಲಬೇಕೆಂದು ಗಣಿ ಕಾಯಿದೆಯ 24ಎ ಕಲಮು ಹೇಳುತ್ತದೆ ಎಂಬುದನ್ನು ಮನೆಮನೆಗೆ ತಿಳಿಸಬೇಕು.

ಹೊತ್ತಿಗೆ ಮುನ್ನ ಮಾತಾಡಿದರೆ ಫಲವುಂಟೆಂಬುದಕ್ಕೆ ಗದಗದ ಕಪ್ಪತಗುಡ್ಡ ಸಾಕ್ಷಿ. ಆ ಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಣೆಯ ಸ್ಥಾನವನ್ನು ಸರಕಾರ 2016ರಲ್ಲಿ ಹಿಂತೆಗೆದುಕೊಂಡಾಗ ಜನ ಗಣಿಯ ಲಾರಿಗಳು ಬರಲೆಂದು ಕಾಯಲಿಲ್ಲ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ 2017ರ ಫೆಬ್ರವರಿಯಲ್ಲಿ ಬೀದಿಗಿಳಿದರು. ಸಂರಕ್ಷಣೆಯ ಸ್ಥಾನ ಮರಳಿ ಬಂತು. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಕುದುರೆಮುಖದಲ್ಲಿ ಬೆಟ್ಟ ಅರ್ಧ ಕರಗಿದ ಮೇಲೆ ಬಂದ ಜಯ, ಕಪ್ಪತಗುಡ್ಡದಲ್ಲಿ ಅಗೆತಕ್ಕೆ ಮುನ್ನವೇ ಬಂತು.

ಕೊರೆಯದ ಬೆಟ್ಟಕ್ಕೆ ಬೆಲೆಯಿಲ್ಲವೆಂದು ಯಾರೂ ತಿಳಿಯಬೇಕಿಲ್ಲ. ವರದಿ ಬರೆಯುವವರ ಲೆಕ್ಕದಲ್ಲಿ ಅದು ಇನ್ನೂ ಬಿಡಿಸದ ಒಗಟು. ತಪ್ಪಲಿನವರ ಲೆಕ್ಕದಲ್ಲಿ ಅದು ಈಗಾಗಲೇ ವರ್ಷದ ಹನ್ನೆರಡು ತಿಂಗಳು ನೀರು ಕೊಡುತ್ತಿರುವ ಆಸ್ತಿ. ಒಂದು ಲೆಕ್ಕ ಕಡತದಲ್ಲಿದೆ, ಇನ್ನೊಂದು ಎಲ್ಲಿಯೂ ಬರೆದಿಲ್ಲ. ಎರಡನೆಯದನ್ನೂ ಬರೆದು, ಅದೇ ಮೇಜಿನ ಮೇಲೆ ಇಡುವ ಕೆಲಸ ಊರಿನದು. ಬೆಳಗಿನ ಜಾವ ಗೊರಗುಂಟೆಪಾಳ್ಯದಲ್ಲಿ ಇಳಿಯುವ ವಿದ್ಯಾರ್ಥಿಗಳ ಪೈಕಿ ಕೆಲವರಾದರೂ, ವರ್ತುಲ ರಸ್ತೆಯ ಬಸ್ಸು ಹತ್ತುವ ಮುನ್ನ, ತಮ್ಮ ಬೆಟ್ಟದ ಕಡತ ಎಲ್ಲಿದೆಯೆಂದು ವಿಚಾರಿಸುವ ದಿನ ಬರಲಿ.